ಪ್ರಾಸ್ಟೇಟ್ ಉರಿಯೂತ: ಆಂಟಿಬಯೋಟಿಕ್ ಯಾರಿಗೆ, ಯಾವುದು, ಎಷ್ಟು ದಿನ?

ಪ್ರಶ್ನೆ: ನನಗೆ 43 ವರ್ಷ. ಐದು ತಿಂಗಳಿಂದ ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಜಾಗದಲ್ಲಿ ನೋವು, ಮೂತ್ರ ಮಾಡುವಾಗ ಉರಿ. ರಾತ್ರಿ ಮೂರ್ನಾಲ್ಕು ಸಲ ಏಳಬೇಕಾಗುತ್ತದೆ. ಶುರುವಿನಲ್ಲಿ ಒಂದು ದಿನ ಚಳಿಜ್ವರ ಬಂದಿತ್ತು. ಆಗ ಐದು ದಿನ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಂಡೆ, ಆರಾಮವಾಯಿತು. ಎರಡು ವಾರಕ್ಕೆ ಮತ್ತೆ ಶುರುವಾಯಿತು. ಆಮೇಲೆ ನೈಟ್ರೊಫ್ಯುರಾಂಟೊಯಿನ್ ಏಳು ದಿನ, ಲಿವೊಫ್ಲಾಕ್ಸಾಸಿನ್ ಹತ್ತು ದಿನ ಆಯಿತು. ಮಾತ್ರೆ ನಡೆಯುತ್ತಿದ್ದಾಗ ಮಾಡಿಸಿದ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ವೀರ್ಯ ಪರೀಕ್ಷೆಯಲ್ಲಿ ಕೀವು ಕಣ 8–10 ಎಂದಿದೆ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ಬಿಡುವ ಪ್ರೋಟೀನಿನ ರಕ್ತ ಪರೀಕ್ಷೆ) 6.2 ಬಂದಿದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುತ್ತೇನೆ, ಜೊತೆಗೆ ಕ್ಯಾಲ್ಸಿಯಂ ಮತ್ತು ಸತು ಇರುವ ವಿಟಮಿನ್ ಮಾತ್ರೆಯೂ ಇದೆ. ಸೋಂಕು ಏಕೆ ಹೋಗುತ್ತಿಲ್ಲ? ಇನ್ನೆಷ್ಟು ದಿನ ಆಂಟಿಬಯೋಟಿಕ್ ಬೇಕು? ಹೆಂಡತಿಗೂ ಮಾತ್ರೆ ಕೊಡಿಸಬೇಕೇ? ಇದು ಕ್ಯಾನ್ಸರ್ ಇರಬಹುದೇ?

ಉತ್ತರ: ನಾಲ್ಕನೇ ಕೋರ್ಸ್ ಶುರು ಮಾಡುವ ಮೊದಲು ಸ್ವಲ್ಪ ನಿಲ್ಲಿ. ಮೂರು ಬಗೆಯ ಆಂಟಿಬಯೋಟಿಕ್ ಆಗಿದೆ. ಆದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾ ಇದೆಯೇ, ಇದ್ದರೆ ಯಾವುದು, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದರಲ್ಲಿ ಒಂದಕ್ಕೂ ಇನ್ನೂ ಉತ್ತರ ಸಿಕ್ಕಿಲ್ಲ. ಮಾತ್ರೆ ನುಂಗುತ್ತಿರುವಾಗ ಕೊಟ್ಟ ಮೂತ್ರದಲ್ಲಿ ಏನೂ ಬೆಳೆಯದಿರುವುದು ಸಹಜ, ಏಕೆಂದರೆ ಆ ಮೂತ್ರದಲ್ಲೇ ಔಷಧ ತುಂಬಿರುತ್ತದೆ. ಆ ವರದಿಯನ್ನು ಸೋಂಕಿಲ್ಲ ಎಂದೂ ಓದಬಾರದು, ಸೋಂಕು ಅಡಗಿ ಕುಳಿತಿದೆ ಎಂದೂ ಓದಬಾರದು. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಸರಿ.

ಪ್ರಾಸ್ಟೇಟ್ ಉರಿಯೂತ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳಿವೆ. ಚಳಿಜ್ವರದೊಂದಿಗೆ ದಿಢೀರನೆ ಬರುವ ತೀವ್ರ ಬ್ಯಾಕ್ಟೀರಿಯಾ ಸೋಂಕು ಒಂದು. ಅದೇ ಬ್ಯಾಕ್ಟೀರಿಯಾ ಗ್ರಂಥಿಯಲ್ಲಿ ಉಳಿದುಕೊಂಡು ಮೂರು ತಿಂಗಳಿಗೂ ಮೀರಿ ಕಾಡುವ, ನಡುನಡುವೆ ಮೂತ್ರದ ಸೋಂಕಾಗಿ ಮರುಕಳಿಸುವ ದೀರ್ಘಕಾಲದ ಸೋಂಕು ಇನ್ನೊಂದು. ಮೂರನೆಯದರಲ್ಲಿ ನೋವು, ಉರಿ, ಪದೇ ಪದೇ ಮೂತ್ರ ಎಲ್ಲವೂ ಇರುತ್ತವೆ, ಬ್ಯಾಕ್ಟೀರಿಯಾ ಮಾತ್ರ ಸಿಗುವುದಿಲ್ಲ. ಇದನ್ನು ದೀರ್ಘಕಾಲದ ಶ್ರೋಣಿ (ಸೊಂಟದ ಮೂಳೆಗಳ ನಡುವಿನ ಕೆಳಭಾಗ) ನೋವು ಎನ್ನುತ್ತಾರೆ. ಯಾವ ತೊಂದರೆಯೂ ಇಲ್ಲದೆ ಬೇರೆ ಕಾರಣಕ್ಕೆ ಮಾಡಿದ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವ ಉರಿಯೂತ ನಾಲ್ಕನೆಯದು, ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಪ್ರಾಸ್ಟೇಟ್ ಉರಿಯೂತ ಎಂದು ಹೇಳಿಸಿಕೊಂಡು ಬರುವ ಗಂಡಸರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯದು ಮೂರನೆಯ ಬಗೆ. ಆಂಟಿಬಯೋಟಿಕ್ ನಿಜವಾಗಿ ಕೆಲಸ ಮಾಡುವುದು ಮೊದಲ ಎರಡಕ್ಕೆ. ಹೀಗಿದ್ದೂ ಮಾತ್ರೆ ಬರೆಯುವುದು ಹೆಚ್ಚಾಗಿ ಮೂರನೆಯದಕ್ಕೆ. ನಿಮ್ಮಂಥವರು ತಿಂಗಳುಗಟ್ಟಲೆ ಅಲೆದಾಡುವುದಕ್ಕೆ ದೊಡ್ಡ ಕಾರಣ ಇದೇ.

ನಿಮ್ಮ ವಿವರದಲ್ಲಿ ಎರಡೂ ಕಡೆಯ ಸುಳಿವು ಇದೆ. ಮೊದಲ ದಿನದ ಚಳಿಜ್ವರ ನಿಜವಾದ ಸೋಂಕಿನ ಕಡೆ ಬೆರಳು ತೋರಿಸುತ್ತದೆ. ಅದು ಪ್ರಾಸ್ಟೇಟಿನ ತೀವ್ರ ಸೋಂಕೇ ಆಗಿದ್ದರೆ ಐದು ದಿನದ ಮಾತ್ರೆ ಸಾಲುವುದಿಲ್ಲ, ಕನಿಷ್ಠ ಎರಡು ವಾರ, ಹಲವರಿಗೆ ನಾಲ್ಕು ವಾರ ಬೇಕು. ಬೇಗ ನಿಲ್ಲಿಸಿದಾಗ ಮೂತ್ರಕೋಶ ಸ್ವಚ್ಛವಾಗುತ್ತದೆ, ಗ್ರಂಥಿಯೊಳಗೆ ಉಳಿದ ಬ್ಯಾಕ್ಟೀರಿಯಾ ಎರಡು ಮೂರು ವಾರದಲ್ಲಿ ಮತ್ತೆ ತಲೆಯೆತ್ತುತ್ತದೆ. ಆದರೆ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಂಡಾಗ ಆರಾಮವಾಯಿತು ಎಂಬುದನ್ನೇ ಸೋಂಕಿಗೆ ಸಾಕ್ಷಿ ಎಂದುಕೊಳ್ಳಬೇಡಿ. ಆ ಗುಂಪಿನ ಔಷಧಗಳಿಗೆ ಉರಿಯೂತವನ್ನೇ ಸ್ವಲ್ಪ ತಗ್ಗಿಸುವ ಗುಣವಿದೆ. ಶ್ರೋಣಿ ನೋವು ತಾನಾಗಿಯೇ ಏರಿಳಿಯುವಂಥದ್ದು ಕೂಡ.

ಇನ್ನು ಔಷಧದ ಆಯ್ಕೆ ಏಕೆ ಇಷ್ಟು ಸೂಕ್ಷ್ಮ ಎಂಬುದು. ಪ್ರಾಸ್ಟೇಟ್ ಅಕ್ರೋಟಿನಷ್ಟು ದೊಡ್ಡ ಗ್ರಂಥಿ, ಅದರೊಳಗೆ ಸಣ್ಣ ಸಣ್ಣ ನಾಳಗಳು. ಬ್ಯಾಕ್ಟೀರಿಯಾ ಕೂರುವುದು ಈ ನಾಳಗಳ ಒಳಗೆ. ರಕ್ತದಲ್ಲಿರುವ ಔಷಧ ಅಲ್ಲಿಗೆ ತಲುಪಬೇಕಾದರೆ ಒತ್ತೊತ್ತಾಗಿ ಬೆಸೆದುಕೊಂಡ ಕೋಶಗಳ ಪದರವನ್ನು ದಾಟಬೇಕು. ಕೊಬ್ಬಿನಲ್ಲಿ ಕರಗುವ, ರಕ್ತದ ಪ್ರೋಟೀನಿಗೆ ಹೆಚ್ಚು ಅಂಟಿಕೊಳ್ಳದ ಔಷಧಗಳಿಗೆ ಮಾತ್ರ ಇದು ಸುಲಭ. ಆಮ್ಲ–ಕ್ಷಾರದ ಆಟವೂ ಇದೆ. ರಕ್ತದ ಪಿಎಚ್ (ಈ ಸಂಖ್ಯೆ ಇಳಿದಷ್ಟೂ ಆಮ್ಲಗುಣ ಹೆಚ್ಚು) 7.4, ಆರೋಗ್ಯವಂತ ಪ್ರಾಸ್ಟೇಟ್ ದ್ರವದ್ದು ಸುಮಾರು 6.5. ಟ್ರೈಮೆಥೊಪ್ರಿಮ್‌ನಂಥ ಕ್ಷಾರಗುಣದ ಔಷಧ ಆ ಆಮ್ಲೀಯ ದ್ರವಕ್ಕೆ ಹೊಕ್ಕರೆ ಅಲ್ಲೇ ಸಿಕ್ಕಿಕೊಂಡು ಶೇಖರವಾಗುತ್ತದೆ. ಆದರೆ ದೀರ್ಘಕಾಲದ ಸೋಂಕಿನಲ್ಲಿ ಅದೇ ದ್ರವ ಕ್ಷಾರೀಯವಾಗಿ ಪಿಎಚ್ 8ರ ಆಸುಪಾಸಿಗೂ ಏರಬಹುದು, ಆಗ ಈ ಅನುಕೂಲ ಕಳೆದುಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಮತ್ತು ಲಿವೊಫ್ಲಾಕ್ಸಾಸಿನ್‌ನ ಅಣುವಿಗೆ ಆಮ್ಲಗುಣ, ಕ್ಷಾರಗುಣ ಎರಡೂ ಇರುವುದರಿಂದ ಅವು ಎರಡು ಸ್ಥಿತಿಯಲ್ಲೂ ಸಾಕಷ್ಟು ಒಳಹೋಗುತ್ತವೆ. ಕ್ವಿನೊಲೋನ್ ಎಂದು ಕರೆಯುವ ಈ ಗುಂಪಿಗೆ ಪ್ರಾಸ್ಟೇಟಿನ ವಿಷಯದಲ್ಲಿ ಮೊದಲ ಸ್ಥಾನ ಸಿಕ್ಕಿರುವುದು ಇದಕ್ಕೇ.

ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ತರಹದವು ಈ ಗೋಡೆಯನ್ನು ದಾಟುವುದು ಕಡಿಮೆ. ತೀವ್ರ ಸೋಂಕಿನಲ್ಲಿ ಗ್ರಂಥಿ ಊದಿಕೊಂಡು ಗೋಡೆ ಸಡಿಲವಾಗಿರುವುದರಿಂದ ಇದೇ ಕುಟುಂಬದ ಚುಚ್ಚುಮದ್ದುಗಳು ಆಗ ಚೆನ್ನಾಗಿ ಕೆಲಸ ಮಾಡುತ್ತವೆ, ಊತ ಇಳಿದ ಮೇಲೆ ದಾರಿ ಮುಚ್ಚುತ್ತದೆ. ನಿಮಗೆ ಕೊಟ್ಟ ನೈಟ್ರೊಫ್ಯುರಾಂಟೊಯಿನ್ ಅಂತೂ ಮೂತ್ರದಲ್ಲಿ ಮಾತ್ರ ಸಾಂದ್ರವಾಗುವ ಔಷಧ, ಪ್ರಾಸ್ಟೇಟಿನೊಳಗೆ ಅದರ ಪ್ರಮಾಣ ಚಿಕಿತ್ಸೆಗೆ ಸಾಲುವುದಿಲ್ಲ. ಆ ಏಳು ದಿನಗಳನ್ನು ಪ್ರಾಸ್ಟೇಟ್ ಚಿಕಿತ್ಸೆ ಎಂದು ಎಣಿಸಬೇಡಿ.

ಲಿವೊಫ್ಲಾಕ್ಸಾಸಿನ್ ಹತ್ತು ದಿನ ತೆಗೆದುಕೊಂಡಿರಲ್ಲ, ಆ ವಿಟಮಿನ್ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಿದ್ದಿರೇ? ಹಾಗಿದ್ದರೆ ಆ ಕೋರ್ಸ್ ಬಹುಪಾಲು ವ್ಯರ್ಥವಾಗಿರಬಹುದು. ಕ್ಯಾಲ್ಸಿಯಂ, ಸತು, ಕಬ್ಬಿಣ, ಹೊಟ್ಟೆಯುರಿಗೆ ಕುಡಿಯುವ ಮೆಗ್ನೀಷಿಯಂ–ಅಲ್ಯುಮಿನಿಯಂ ದ್ರಾವಣ ಇವೆಲ್ಲ ಹೊಟ್ಟೆಯಲ್ಲೇ ಕ್ವಿನೊಲೋನ್ ಅನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಲಿವೊಫ್ಲಾಕ್ಸಾಸಿನ್‌ಗೂ ಇವಕ್ಕೂ ಹಿಂದೆ ಮುಂದೆ ಎರಡೆರಡು ಗಂಟೆ ಅಂತರ ಬೇಕು. ಸಿಪ್ರೊಫ್ಲಾಕ್ಸಾಸಿನ್ ಆದರೆ ಅದನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ನುಂಗಬೇಕು, ಇವನ್ನು ಮೊದಲೇ ನುಂಗಿದ್ದರೆ ಆರು ಗಂಟೆ ಕಾಯಬೇಕು. ಸಿಪ್ರೊವನ್ನು ಬರೀ ಹಾಲು ಮೊಸರಿನೊಂದಿಗೆ ನುಂಗುವುದೂ ತಪ್ಪು. ಚಿಕಿತ್ಸೆಯ ಅಷ್ಟು ವಾರ ವಿಟಮಿನ್ ಮಾತ್ರೆಯನ್ನು ಪೂರ್ತಿ ಬದಿಗಿಡುವುದು ಇನ್ನೂ ಸುಲಭ.

ಈಗ ಮಾಡಬೇಕಾದ ಪರೀಕ್ಷೆ. ಕೊನೆಯ ಆಂಟಿಬಯೋಟಿಕ್ ಮಾತ್ರೆಯ ನಂತರ ಕನಿಷ್ಠ ಒಂದು ವಾರ, ನೋವು ತಡೆಯುವಂತಿದ್ದರೆ ಎರಡು ವಾರ ಬಿಟ್ಟು ಮೂತ್ರತಜ್ಞರ ಬಳಿ ಹೋಗಿ, ಪ್ರಾಸ್ಟೇಟ್ ಮಸಾಜ್‌ಗೆ ಮುಂಚೆ ಮತ್ತು ನಂತರದ ಎರಡು ಮೂತ್ರ ಮಾದರಿಗಳ ಕಲ್ಚರ್ ಮಾಡಿಸಿ ಎಂದು ಕೇಳಿ. ಮೂತ್ರಕೋಶ ತುಂಬಿರಬೇಕು. ಶಿಶ್ನದ ಮುಂದೊಗಲನ್ನು ಹಿಂದೆ ಸರಿಸಿ ತುದಿಯನ್ನು ನೀರಿನಿಂದ ತೊಳೆದು, ಮೊದಲ ಹರಿವನ್ನು ಬಿಟ್ಟು ನಡುವಿನ ಮೂತ್ರವನ್ನು ಒಂದನೇ ಡಬ್ಬಿಗೆ ಹಿಡಿಯಬೇಕು, ಆದರೆ ಮೂತ್ರಕೋಶ ಪೂರ್ತಿ ಖಾಲಿ ಮಾಡಬಾರದು. ಆಮೇಲೆ ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟನ್ನು ಅಂಚಿನಿಂದ ನಡುವಿನ ಕಡೆಗೆ ಸುಮಾರು ಒಂದು ನಿಮಿಷ ಒತ್ತುತ್ತಾರೆ. ನಾಳಗಳಲ್ಲಿದ್ದ ದ್ರವ ಮೂತ್ರನಾಳಕ್ಕೆ ಇಳಿಯುತ್ತದೆ. ಅದಾದ ಕೂಡಲೇ ಬರುವ ಮೂತ್ರದ ಮೊದಲ 10 ಮಿ.ಲೀ. ಎರಡನೇ ಡಬ್ಬಿಗೆ. ಇಲ್ಲೇ ಹೆಚ್ಚಿನ ತಪ್ಪಾಗುವುದು: 10 ಮಿ.ಲೀ. ಬದಲು ಡಬ್ಬಿ ತುಂಬ ಹಿಡಿದರೆ ಪ್ರಾಸ್ಟೇಟ್ ದ್ರವ ತೆಳುವಾಗಿ ಬ್ಯಾಕ್ಟೀರಿಯಾ ಲೆಕ್ಕಕ್ಕೆ ಸಿಗುವುದಿಲ್ಲ. ಡಬ್ಬಿಗಳ ಮೇಲೆ ಮುಂಚೆ, ನಂತರ ಎಂದು ಬರೆಸಿ, ಒಂದು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ನಂತರದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಮುಂಚಿನದಕ್ಕಿಂತ ಹತ್ತು ಪಟ್ಟಾದರೂ ಹೆಚ್ಚಿದ್ದರೆ ಅದು ಪ್ರಾಸ್ಟೇಟಿನಲ್ಲೇ ಇದೆ ಎಂದು ಅರ್ಥ. ಪ್ರಾಸ್ಟೇಟಿನದು ಎಣಿಕೆಯಲ್ಲಿ ಕಡಿಮೆಯೇ ಇರುವುದರಿಂದ ಸಣ್ಣ ಎಣಿಕೆಯನ್ನೂ ವರದಿ ಮಾಡುವಂತೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿರಬೇಕು.

ಮೊದಲ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ತುಂಬಿದ್ದರೆ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಆಗ ಎರಡು ಮೂರು ದಿನ ನೈಟ್ರೊಫ್ಯುರಾಂಟೊಯಿನ್ ಕೊಟ್ಟು ಮತ್ತೆ ಪರೀಕ್ಷಿಸುತ್ತಾರೆ. ಅದು ಮೂತ್ರಕೋಶವನ್ನು ಮಾತ್ರ ಶುಚಿಮಾಡಿ ಪ್ರಾಸ್ಟೇಟನ್ನು ಮುಟ್ಟುವುದಿಲ್ಲ ಎಂಬ ಕೊರತೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವೀರ್ಯದ ವರದಿಯಲ್ಲಿನ ಕೀವು ಕಣ 8–10 ಎಂಬುದಕ್ಕೆ ಇಷ್ಟು ಹೆದರಬೇಕಿಲ್ಲ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬಲಿಯದ ವೀರ್ಯಕೋಶಗಳೂ ಕೀವು ಕಣಗಳೂ ಒಂದೇ ತರಹ ದುಂಡಗೆ ಕಾಣುತ್ತವೆ, ಬಣ್ಣ ಹಾಕಿ ಬೇರ್ಪಡಿಸದೆ ಎಣಿಸಿದ ಸಂಖ್ಯೆಗೆ ಬೆಲೆ ಕಡಿಮೆ. ಕೀವು ಕಣ ನಿಜವಾಗಿ ಇದ್ದರೂ ಅದು ಉರಿಯೂತದ ಗುರುತು, ಬ್ಯಾಕ್ಟೀರಿಯಾದ್ದಲ್ಲ. ವೀರ್ಯದ ಕಲ್ಚರ್‌ನಲ್ಲಿ ಚರ್ಮದ ಮೇಲಿನ ಸಾಮಾನ್ಯ ಸ್ಟೆಫಿಲೊಕಾಕಸ್ ಬೆಳೆದು, ಅದಕ್ಕೆಂದು ತಿಂಗಳಾನುಗಟ್ಟಲೆ ಮಾತ್ರೆ ನುಂಗಿದವರು ಬಹಳ ಮಂದಿ. ಇದರ ಜೊತೆಗೆ ಮೂತ್ರದ ಮೊದಲ ಹರಿವಿನಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೊರಿಯಾ, ಮೈಕೊಪ್ಲಾಸ್ಮಾ ಜೆನಿಟಾಲಿಯಮ್‌ಗೆ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ) ಪರೀಕ್ಷೆ ಒಂದು ಸಲ ಮಾಡಿಸಿ, ಇವು ಸಾಧಾರಣ ಕಲ್ಚರ್‌ನಲ್ಲಿ ಸಿಗುವಂಥವಲ್ಲ ಅಥವಾ ಸುಲಭಕ್ಕೆ ಸಿಗುವುದಿಲ್ಲ. ಮೂತ್ರದಲ್ಲಿ ಕೀವು ಕಣ ಸದಾ ಇದ್ದು ಕಲ್ಚರ್ ಪ್ರತಿ ಸಲ ಖಾಲಿ ಬರುತ್ತಿದ್ದರೆ ಕ್ಷಯವನ್ನೂ ನೆನೆಯಬೇಕು. ಅದಕ್ಕೆ ಮೂರು ದಿನದ ಮುಂಜಾನೆಯ ಮೂತ್ರ ಬೇಕಾಗುತ್ತದೆ.

ಬ್ಯಾಕ್ಟೀರಿಯಾ ಸಿಕ್ಕಿತು ಎಂದಿಟ್ಟುಕೊಳ್ಳಿ. ಹೆಚ್ಚಿನ ಸಲ ಅದು ಇ. ಕೋಲೈ, ಕೆಲವೊಮ್ಮೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಸ್ಯೂಡೊಮೊನಾಸ್ ಅಥವಾ ಎಂಟೆರೊಕಾಕಸ್. ಔಷಧಕ್ಕೆ ಬಗ್ಗುವ ಪಟ್ಟಿಯಲ್ಲಿ ಕ್ವಿನೊಲೋನ್ ಇದ್ದರೆ ಲಿವೊಫ್ಲಾಕ್ಸಾಸಿನ್ 500 ಮಿ.ಗ್ರಾಂ. ದಿನಕ್ಕೊಂದು ಸಲ, ಇಲ್ಲವೇ ಸಿಪ್ರೊಫ್ಲಾಕ್ಸಾಸಿನ್ 500 ಮಿ.ಗ್ರಾಂ. ದಿನಕ್ಕೆರಡು ಸಲ, ನಾಲ್ಕರಿಂದ ಆರು ವಾರ. ಮೂತ್ರಪಿಂಡ ಕುಂದಿದ್ದರೆ ಪ್ರಮಾಣ ಇಳಿಸಬೇಕು, ಆದ್ದರಿಂದ ಶುರುವಿಗೆ ಮೊದಲು ಕ್ರಿಯಾಟಿನಿನ್ ನೋಡಿರಬೇಕು. ಕ್ವಿನೊಲೋನ್‌ಗೆ ಬಗ್ಗದೆ ಟ್ರೈಮೆಥೊಪ್ರಿಮ್ ಜೊತೆ ಸಲ್ಫಾ ಸೇರಿದ ಕೋ-ಟ್ರೈಮಾಕ್ಸಜೋಲ್‌ಗೆ ಬಗ್ಗಿದರೆ 960 ಮಿ.ಗ್ರಾಂ. ದಿನಕ್ಕೆರಡು ಸಲ. ಇದರ ಅವಧಿ ಇನ್ನೂ ಉದ್ದ, ಆರು ವಾರ ಮತ್ತು ಅದಕ್ಕೂ ಮೀರಿ. ಸಲ್ಫಾ ಅಲರ್ಜಿ ಇರುವವರಿಗೆ ಬೇಡ. ರಕ್ತದೊತ್ತಡಕ್ಕೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ತರಹದ ಮಾತ್ರೆ ಇರುವವರಲ್ಲಿ ರಕ್ತದ ಪೊಟಾಸಿಯಂ ಅಪಾಯಕಾರಿಯಾಗಿ ಏರಬಹುದು, ಮೊದಲ ವಾರದಲ್ಲೇ ಒಂದು ಸಲ ನೋಡಬೇಕು. ಎರಡಕ್ಕೂ ಬಗ್ಗದ ಇ. ಕೋಲೈಗೆ ಫಾಸ್ಫೊಮೈಸಿನ್ 3 ಗ್ರಾಂ ಪುಡಿಯನ್ನು ಮೊದಲ ವಾರ ದಿನವೂ, ಆಮೇಲೆ ಎರಡು ದಿನಕ್ಕೊಮ್ಮೆ ಎಂಬ ಕ್ರಮದಲ್ಲಿ ಆರು ವಾರದವರೆಗೆ, ಬೇಕಾದರೆ ಇನ್ನೂ ಮುಂದಕ್ಕೆ ಕೊಡುವುದುಂಟು. ಕೆಲವರಿಗೆ ಭೇದಿಯಾಗುತ್ತದೆ. ಮೂತ್ರದ ಸಾಧಾರಣ ಸೋಂಕಿಗೆ ಕೊಡುವ ಒಂದೇ ಪೊಟ್ಟಣ ಇಲ್ಲಿ ನಡೆಯುವುದಿಲ್ಲ. ಕ್ಲಮೈಡಿಯಾ ಸಿಕ್ಕರೆ ದಾರಿ ಬೇರೆ: ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ ಹತ್ತು ದಿನ. ಅದನ್ನು ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ.

ಆರು ವಾರ ಕ್ವಿನೊಲೋನ್ ಎಂದರೆ ಸಣ್ಣ ಮಾತಲ್ಲ. ನಿಮ್ಮ ವಿಷಯದಲ್ಲಿ ಮೊದಲ ಆತಂಕ ಸಕ್ಕರೆ. ಗ್ಲಿಮೆಪಿರೈಡ್ ಜೊತೆ ಕ್ವಿನೊಲೋನ್ ಸೇರಿದಾಗ ರಕ್ತದ ಸಕ್ಕರೆ ದಿಢೀರ್ ಕುಸಿಯಬಹುದು. ಮೊದಲ ವಾರ ದಿನಕ್ಕೆ ಎರಡು ಮೂರು ಸಲ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಿಕೊಳ್ಳಿ, ಊಟ ತಪ್ಪಿಸಬೇಡಿ. ಬೆವರು, ನಡುಕ, ತಲೆ ಮಂಜಾದರೆ ತಕ್ಷಣ ಸಕ್ಕರೆ ತಿಂದು ವೈದ್ಯರಿಗೆ ತಿಳಿಸಿ. ಎರಡನೆಯದು ಸ್ನಾಯುರಜ್ಜು. ಹಿಮ್ಮಡಿಯ ಹಿಂಭಾಗದಲ್ಲಿ ನೋವು ಅಥವಾ ಊತ ಕಂಡ ದಿನವೇ ಮಾತ್ರೆ ನಿಲ್ಲಿಸಬೇಕು, ಇನ್ನೊಂದು ದಿನ ನೋಡೋಣ ಎನ್ನಬಾರದು, ರಜ್ಜು ಹರಿಯುವ ಅಪಾಯವಿದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಕೈಕಾಲು ಜೋಮು, ಉರಿ, ಚುಚ್ಚಿದಂತಾಗುವುದು, ನಿದ್ದೆ ಕೆಡುವುದು, ಮನಸ್ಸು ಕದಡುವುದು ಕಂಡರೂ ನಿಲ್ಲಿಸಿ ಕೇಳಬೇಕು. ಕೆಲವರಲ್ಲಿ ನರದ ತೊಂದರೆ ಮಾತ್ರೆ ಬಿಟ್ಟ ಮೇಲೂ ಉಳಿದಿದೆ. ಮಹಾಪಧಮನಿ ಉಬ್ಬಿರುವವರು, ಹೃದಯಬಡಿತದ ಲಯದ ತೊಂದರೆ ಇರುವವರು ಇದನ್ನು ತೆಗೆದುಕೊಳ್ಳುವ ಮೊದಲೇ ಹೇಳಿಬಿಡಬೇಕು. ಶ್ರೋಣಿಯ ಸ್ನಾಯು ಬಿಗಿತಕ್ಕೆಂದು ಟಿಜಾನಿಡಿನ್ ಬರೆಯುವುದು ವಾಡಿಕೆ. ಅದನ್ನು ಸಿಪ್ರೊಫ್ಲಾಕ್ಸಾಸಿನ್ ಜೊತೆ ಎಂದೂ ನುಂಗಬಾರದು. ಯಕೃತ್ತಿನಲ್ಲಿ ಅದು ಒಡೆಯುವುದನ್ನು ಸಿಪ್ರೊ ತಡೆಯುವುದರಿಂದ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಇಬ್ಬರು ವೈದ್ಯರ ಎರಡು ಚೀಟಿಗಳಲ್ಲಿ ಒಂದೊಂದಿದ್ದು, ಮನೆಯಲ್ಲಿ ಎರಡೂ ಒಟ್ಟಿಗೆ ಸೇರುವುದು ಇಲ್ಲಿನ ಅಪಾಯ.

ಆರು ವಾರದ ನಂತರವೂ ಅದೇ ಬ್ಯಾಕ್ಟೀರಿಯಾ ಮರಳಿದರೆ? ಪ್ರಾಸ್ಟೇಟಿನ ಸಣ್ಣ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ ಲೋಳೆಪದರ ಕಟ್ಟಿಕೊಂಡು ಕೂತಿರಬಹುದು, ಅದರೊಳಗೆ ಔಷಧ ಇಳಿಯುವುದಿಲ್ಲ. ಮೂತ್ರ ಪೂರ್ತಿ ಹೋಗದೆ ಉಳಿಯುತ್ತಿರಬಹುದು, ಅದಕ್ಕೇ ಅಲ್ಟ್ರಾಸೌಂಡಿನಲ್ಲಿ ಉಳಿಕೆ ಮೂತ್ರದ ಪ್ರಮಾಣ ನೋಡಬೇಕು. ಹೊಸ ಕಲ್ಚರ್ ಮಾಡಿಸಿ ಇನ್ನೊಂದು ಪೂರ್ಣ ಕೋರ್ಸ್, ಅದೂ ಸೋತರೆ ರಾತ್ರಿಗೊಂದು ಸಣ್ಣ ಪ್ರಮಾಣದ ಮಾತ್ರೆಯಿಂದ ತಿಂಗಳುಗಟ್ಟಲೆ ಸೋಂಕನ್ನು ಅದುಮಿಡುವುದು ದಾರಿ. ಶಸ್ತ್ರಚಿಕಿತ್ಸೆ ಬೆರಳೆಣಿಕೆಯವರಿಗೆ.

ಎರಡು ಡಬ್ಬಿಯೂ ಖಾಲಿ ಬಂದರೆ ಆಂಟಿಬಯೋಟಿಕ್ ವಿಷಯ ಅಲ್ಲಿಗೆ ಮುಗಿಯಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದೂ ಪೂರ್ಣ ಕೋರ್ಸ್ ಆಗದ, ಕಾಯಿಲೆ ಇತ್ತೀಚಿನದಾದ ರೋಗಿಗೆ ಒಂದು ಸಲ ಪ್ರಯತ್ನಿಸಿ ನೋಡುವುದನ್ನು ಒಪ್ಪಬಹುದು, ಆದರೆ ಎರಡು ವಾರಕ್ಕೆ ಸುಧಾರಣೆ ಇಲ್ಲದಿದ್ದರೆ ನಿಲ್ಲಿಸಬೇಕು. ಈ ಬಗೆಯ ನೋವಿರುವ 196 ಗಂಡಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರದ ಸಿಪ್ರೊಫ್ಲಾಕ್ಸಾಸಿನ್ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಈ ನೋವು ಕಲ್ಪನೆಯದಲ್ಲ, ಹಲವರಲ್ಲಿ ಶ್ರೋಣಿಯ ತಳದ ಸ್ನಾಯುಗಳು ಬಿಗಿದು ಸಡಿಲಿಸಲಾರದಂತಾಗಿರುತ್ತವೆ. ಗುದದ್ವಾರದ ಪರೀಕ್ಷೆಯಲ್ಲಿ ಪ್ರಾಸ್ಟೇಟ್ ಒತ್ತಿದಾಗ ನೋಯದೆ ಪಕ್ಕದ ಸ್ನಾಯು ಒತ್ತಿದಾಗ ಜೀವ ಹೋಗುವಷ್ಟು ನೋಯುವುದು ಅದರ ಗುರುತು. ಅದಕ್ಕೆ ಶ್ರೋಣಿಯ ಫಿಸಿಯೋಥೆರಪಿ, ಬಿಗಿತ ಬಿಡಿಸುವ ಉಸಿರಾಟದ ಅಭ್ಯಾಸ, ಮೂತ್ರಕ್ಕೆ ತಡೆಯಿದ್ದರೆ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ., ಕೆಲವರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣ. ಶ್ರೋಣಿಯ ಸ್ನಾಯುಗಳನ್ನು ಹಿಂಡುವ ಕೀಗಲ್ ವ್ಯಾಯಾಮ ಬಿಗಿತ ಇರುವವರಿಗೆ ನೋವು ಹೆಚ್ಚಿಸುತ್ತದೆ, ಅದನ್ನು ನೀವಾಗಿಯೇ ಶುರುಮಾಡಬೇಡಿ.

ಕಾಯಬಾರದ ಸಂದರ್ಭವೂ ಇದೆ. ಮತ್ತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ತೀವ್ರ ಸೋಂಕು, ಸಕ್ಕರೆ ಕಾಯಿಲೆಯವರಲ್ಲಿ ಬೇಗ ರಕ್ತಕ್ಕೇರುತ್ತದೆ. ಮೂತ್ರ ಮತ್ತು ರಕ್ತದ ಕಲ್ಚರ್ ತೆಗೆದ ಕೂಡಲೇ, ವರದಿಗೆ ಕಾಯದೆ, ಸೆಫ್ಟ್ರಿಯಾಕ್ಸೋನ್‌ನಂಥ ಚುಚ್ಚುಮದ್ದು ಶುರುಮಾಡುತ್ತಾರೆ. ಕಳೆದ ಕೆಲವು ತಿಂಗಳಲ್ಲಿ ನೀವು ಎರಡು ಸಲ ಕ್ವಿನೊಲೋನ್ ತೆಗೆದುಕೊಂಡಿದ್ದೀರಿ ಎಂದು ಅಲ್ಲಿ ಮರೆಯದೆ ಹೇಳಿ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಿರುವ ಸಾಧ್ಯತೆ ಹೆಚ್ಚು, ಬಲವಾದ ಔಷಧದಿಂದಲೇ ಶುರುಮಾಡಬೇಕಾಗಬಹುದು. ಈ ಹಂತದಲ್ಲಿ ಪ್ರಾಸ್ಟೇಟ್ ಮಸಾಜ್ ಮಾಡಲೇಬಾರದು, ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಸರಿಯಾದ ಔಷಧ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಒಳಗೆ ಕೀವುಗಟ್ಟಿದೆಯೇ ಎಂದು ಸ್ಕ್ಯಾನ್ ಮಾಡಬೇಕು. ದೊಡ್ಡ ಕೀವುಗುಳ್ಳೆಗೆ ಮಾತ್ರೆ ಸಾಲದು, ಕೀವು ಹೊರತೆಗೆಯಬೇಕಾಗುತ್ತದೆ.

ಹೆಂಡತಿಗೆ ಸುಮ್ಮನೆ ಮಾತ್ರೆ ಕೊಡಿಸಬೇಡಿ. ಇ. ಕೋಲೈ ನಿಮ್ಮ ಕರುಳಿನಿಂದಲೇ ಬಂದದ್ದು, ಅದಕ್ಕೆ ಸಂಗಾತಿಗೆ ಚಿಕಿತ್ಸೆ ಇಲ್ಲ. ಪಿಸಿಆರ್‌ನಲ್ಲಿ ಕ್ಲಮೈಡಿಯಾ, ಗೊನೊರಿಯಾ, ಮೈಕೊಪ್ಲಾಸ್ಮಾ ಜೆನಿಟಾಲಿಯಮ್ ಇವುಗಳಲ್ಲಿ ಯಾವುದಾದರೂ ಬಂದರೆ ಮಾತ್ರ ಅವರಿಗೂ ಪರೀಕ್ಷೆ, ಚಿಕಿತ್ಸೆ ಬೇಕು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸಂಭೋಗ ಬೇಡ.

ಪಿಎಸ್‌ಎ 6.2 ನೋಡಿ ಬಯಾಪ್ಸಿಗೆ ಓಡಬೇಡಿ. ಉರಿಯೂತವಿದ್ದಾಗ ಪಿಎಸ್‌ಎ ಏರುತ್ತದೆ, ಆ ಸಂಖ್ಯೆಯಿಂದ ಕ್ಯಾನ್ಸರ್ ಬಗ್ಗೆ ಏನೂ ಹೇಳಲಾಗದು. ತೊಂದರೆ ತಗ್ಗಿದ ಮೇಲೆ, ಚಿಕಿತ್ಸೆ ಮುಗಿದು ಆರರಿಂದ ಎಂಟು ವಾರ ಬಿಟ್ಟು, ಮೂತ್ರದಲ್ಲಿ ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡು ಮತ್ತೆ ಮಾಡಿಸಿ. ಪರೀಕ್ಷೆಗೆ ಎರಡು ದಿನ ಮೊದಲಿಂದ ವೀರ್ಯಸ್ಖಲನ ಬೇಡ. ಮೊದಲ ಸಲಕ್ಕಿಂತ ಇಳಿಮುಖವಾಗಿದ್ದರೂ ಇನ್ನೂ ಹೆಚ್ಚಿದ್ದರೆ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ನೋಡಬಹುದು. ಇಳಿಯದೆ ನಿಂತಿದ್ದರೆ ಅಥವಾ ಏರಿದ್ದರೆ, ಇಲ್ಲವೇ ಬೆರಳಿನ ಪರೀಕ್ಷೆಯಲ್ಲಿ ಗಟ್ಟಿ ಗಂಟು ಸಿಕ್ಕರೆ, ಪ್ರಾಸ್ಟೇಟಿನ ಎಂಆರ್‌ಐ ಮಾಡಿಸಿ ಅದನ್ನು ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ.